ತಾಯಿ ಕೆಳಗಿಟ್ಟ ಕೋಲು

(ಸ್ವಸಹಾಯ ಸಂಘಗಳ ಸದಸ್ಯೆಯರ ಸಮಾವೇಶದಲ್ಲಿ ನೀಡಿದ ಉಪನ್ಯಾಸ)



ಮನೆಕೆಲಸ ಮುಗಿಸಿ, ದನಕ್ಕೆ ಹುಲ್ಲು ಹಾಕಿ, ಮಕ್ಕಳನ್ನು ಶಾಲೆಗೆ ಕಳಿಸಿ, ಬಸ್ಸು ಹಿಡಿದು ಇಲ್ಲಿಗೆ ಬಂದಿದ್ದೀರಿ. ಕೆಲವರು ಬೀಡಿ ಎಲೆಯ ಕಟ್ಟನ್ನೂ ಜೊತೆಗೇ ತಂದಿರುವುದನ್ನು ನೋಡಿದೆ. ಪರವಾಗಿಲ್ಲ, ಕೈ ಕೆಲಸ ಮಾಡಲಿ, ಕಿವಿ ಮಾತ್ರ ಇತ್ತ ಕೊಡಿ.

ಇವತ್ತು ನನಗೆ ಕೊಟ್ಟ ವಿಷಯ ‘ಕುಟುಂಬದ ಕಷ್ಟಗಳ ನಡುವೆ ಮಹಿಳೆಯ ಸಾಧನೆ’. ಈ ವಿಷಯ ಬಂದಾಗ ಹೆಣ್ಣು ತ್ಯಾಗಮಯಿ, ಸಹನಾಮೂರ್ತಿ ಎಂದೆಲ್ಲ ಹೊಗಳಿ ಚಪ್ಪಾಳೆ ತಟ್ಟಿಸಿ ಮುಗಿಸುವುದು ರೂಢಿ. ನಾನು ಹಾಗೆ ಮಾಡುವುದಿಲ್ಲ. ಒಬ್ಬ ಆಟಗಾರ್ತಿಯ ಜೀವನವನ್ನು ನಿಮ್ಮ ಮುಂದಿಡುತ್ತೇನೆ. ಆ ಮನೆಯಲ್ಲಿ ಯಾರು ಏನನ್ನು ಬಿಟ್ಟುಕೊಟ್ಟರು ಎಂದು ನಾವೆಲ್ಲ ಸೇರಿ ಲೆಕ್ಕ ಹಾಕೋಣ. ಸಂಘದ ಲೆಕ್ಕಪುಸ್ತಕ ಬರೆದು ನಿಮಗೆ ಅಭ್ಯಾಸ ಇದ್ದೇ ಇದೆಯಲ್ಲ!

ಆಟ ಗಾಲ್ಫ್. ಆಟಗಾರ್ತಿ ಅಮೆರಿಕದ ನ್ಯಾನ್ಸಿ ಲೋಪೆಜ್.

ಗಾಲ್ಫ್ ಅಂದರೆ ಏನು?

"ಸಿಸ್ಟರ್, ಅದು ದೊಡ್ಡವರ ಆಟ ಅಲ್ವಾ?" ಅಂತ ನೀವು ಕೇಳಬಹುದು. ಹೌದು, ತುಂಬಾ ಖರ್ಚಿನ ಆಟ. ದೊಡ್ಡ ಹುಲ್ಲುಗಾವಲಿನಂತಹ ಮೈದಾನ. ಅದರಲ್ಲಿ ದೂರ ದೂರಕ್ಕೆ 18 ಕುಳಿಗಳು. ಕೋಲಿನಿಂದ ಚಿಕ್ಕ ಚೆಂಡನ್ನು ಹೊಡೆದು ಒಂದೊಂದೇ ಕುಳಿಗೆ ಹಾಕುತ್ತಾ ಹೋಗಬೇಕು. ಯಾರು ಕಡಿಮೆ ಹೊಡೆತಗಳಲ್ಲಿ ಮುಗಿಸುತ್ತಾರೋ ಅವರು ಗೆದ್ದ ಹಾಗೆ. ದೊಡ್ಡ ಪಂದ್ಯಾವಳಿಗಳು ನಾಲ್ಕು ದಿನ ನಡೆಯುತ್ತವೆ. ಕೋಲುಗಳ ಚೀಲ ಹೊತ್ತು ಆಟಗಾರರ ಜೊತೆ ನಡೆಯುವವರಿಗೆ ಕ್ಯಾಡಿ ಎನ್ನುತ್ತಾರೆ.

ಇದನ್ನೇ ಹೊಟ್ಟೆಪಾಡು ಮಾಡಿಕೊಂಡವರಿಗೆ ತಿಂಗಳ ಸಂಬಳ ಇಲ್ಲ. ಪ್ರಯಾಣ, ವಸತಿ, ಕ್ಯಾಡಿಯ ಕೂಲಿ ಎಲ್ಲವೂ ಅವರದ್ದೇ ಕೈಯಿಂದ. ಮೊದಲ ಎರಡು ದಿನ ಹಿಂದೆ ಬಿದ್ದವರನ್ನು ಪಂದ್ಯದಿಂದ ಕೈಬಿಡುತ್ತಾರೆ. ನ್ಯಾನ್ಸಿಯವರ ಕಾಲದಲ್ಲಿ ಹಾಗೆ ಹೊರಬಿದ್ದವರು ಬರಿಗೈಯಲ್ಲಿ ಮನೆಗೆ ಹೋಗಬೇಕಾಗಿತ್ತು. ಬುಟ್ಟಿ ಮೀನು ಹೊತ್ತು ಸಂತೆಗೆ ಹೋಗಿ, ಬಸ್ ಚಾರ್ಜೂ ಹುಟ್ಟದೆ ವಾಪಸು ಬಂದ ಹಾಗೆ. ಹೆರಿಗೆಯಾಗಲಿ, ಕಾಯಿಲೆಯಾಗಲಿ, ಆಡದಿದ್ದರೆ ಆದಾಯವಿಲ್ಲ. ಆಟ ದೊಡ್ಡವರದ್ದಾದರೂ ಆಡುವವರ ಪಾಡು ನಮಗೆ ಅರ್ಥವಾಗದ್ದೇನೂ ಅಲ್ಲ.

ಗ್ಯಾರೇಜ್ ಮಾಲೀಕನ ಮಗಳು

ನ್ಯಾನ್ಸಿ ಹುಟ್ಟಿದ್ದು 1957ರ ಜನವರಿ 6ರಂದು, ಕ್ಯಾಲಿಫೋರ್ನಿಯಾದ ಟೊರೆನ್ಸ್ ಎಂಬಲ್ಲಿ. ಬೆಳೆದದ್ದು ನ್ಯೂ ಮೆಕ್ಸಿಕೊ ರಾಜ್ಯದ ರೋಸ್ವೆಲ್ ಊರಿನಲ್ಲಿ. ಮೆಕ್ಸಿಕನ್ ಮೂಲದ ಕುಟುಂಬ. ತಂದೆ ಡೊಮಿಂಗೊ ಕಾರುಗಳ ಬಾಡಿ ರಿಪೇರಿ ಮಾಡುವ ಸಣ್ಣ ಗ್ಯಾರೇಜ್ ಇಟ್ಟುಕೊಂಡಿದ್ದರು. ತಾಯಿ ಮರೀನಾ. ಗಾಲ್ಫ್ ಆಡುವವರಲ್ಲಿ ಹೆಚ್ಚಿನವರು ಬಿಳಿಯರು, ಹಣವಂತರು ಆಗಿದ್ದ ಕಾಲ ಅದು. ಗಂಡ ಹೆಂಡತಿ ಇಬ್ಬರಿಗೂ ಗಾಲ್ಫ್ ಇಷ್ಟವಾಗಿತ್ತು. ಸಾರ್ವಜನಿಕ ಮೈದಾನದಲ್ಲಿ ಆಡುತ್ತಿದ್ದರು. ಅವರ ಹಿಂದೆ ಹಿಂದೆ ಪುಟ್ಟ ನ್ಯಾನ್ಸಿಯೂ ನಡೆಯುತ್ತಿದ್ದಳು. ಎಂಟನೇ ವಯಸ್ಸಿಗೆ ತಂದೆ ಮಗಳ ಕೈಗೆ ಕೋಲು ಕೊಟ್ಟರು. ಬೇರೆ ತರಬೇತುದಾರರಿಗೆ ಕೊಡಲು ದುಡ್ಡಿರಲಿಲ್ಲ. ಅಪ್ಪನೇ ಗುರು.

ಹುಡುಗಿಗೆ ಆಟ ಒಲಿಯಿತು. 12ನೇ ವಯಸ್ಸಿನಲ್ಲಿಯೇ ರಾಜ್ಯದ ಮಹಿಳೆಯರ ಹವ್ಯಾಸಿ ಪಂದ್ಯಾವಳಿಯನ್ನು ಗೆದ್ದಳು. ದೊಡ್ಡ ಹೆಂಗಸರೆಲ್ಲ ಸೋತರು! 1972 ಮತ್ತು 1974ರಲ್ಲಿ ಅಮೆರಿಕದ ಬಾಲಕಿಯರ ಜೂನಿಯರ್ ಪ್ರಶಸ್ತಿ ಬಂತು. ಅವಳ ಹೈಸ್ಕೂಲಿನಲ್ಲಿ ಹುಡುಗಿಯರ ಗಾಲ್ಫ್ ತಂಡವೇ ಇರಲಿಲ್ಲ. ಹುಡುಗರ ತಂಡದಲ್ಲಿ ಸೇರಿ ಆಡಿದಳು. "ಹುಡುಗಿಯರಿಗೆ ಇಲ್ಲ" ಎಂದ ಮಾತ್ರಕ್ಕೆ ಆ ಮನೆಯವರು ಸುಮ್ಮನಾಗಲಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು.

ಕೋಲು ಕೆಳಗಿಟ್ಟವರು ಯಾರು?

ಈಗ ಲೆಕ್ಕಕ್ಕೆ ಬರೋಣ. ಗ್ಯಾರೇಜಿನ ಆದಾಯ ಅಷ್ಟಕ್ಕಷ್ಟೆ. ಮೂವರೂ ಆಡುವಷ್ಟು ಹಣ ಮನೆಯಲ್ಲಿ ಇಲ್ಲ. ಮೈದಾನದ ಶುಲ್ಕ, ಚೆಂಡು, ಕೋಲು, ಊರೂರಿಗೆ ಪ್ರಯಾಣ. ಮಗಳು ಆಡಬೇಕಾದರೆ ಇನ್ನೊಬ್ಬರು ಬಿಡಬೇಕು. ಬಿಟ್ಟವರು ತಾಯಿ ಮರೀನಾ. ಮಗಳಿಗಾಗಿ ತನ್ನ ಆಟವನ್ನೇ ನಿಲ್ಲಿಸಿದರು.

ಇನ್ನೊಂದು ಸಂಗತಿ. ಡೊಮಿಂಗೊ ಅವರು ಮಗಳಿಗೆ ಪಾತ್ರೆ ತೊಳೆಯಲು ಬಿಡುತ್ತಿರಲಿಲ್ಲ. ಈ ಕೈಗಳು ಗಾಲ್ಫ್ ಆಡಲಿಕ್ಕೆ ಇರುವುದು ಎನ್ನುತ್ತಿದ್ದರಂತೆ. ಕೇಳಲು ಎಷ್ಟು ಚೆಂದ ಅಲ್ಲವೇ? ಅಂತಹ ಅಪ್ಪ ನಮ್ಮ ಹೆಣ್ಣುಮಕ್ಕಳಿಗೂ ಸಿಗಲಿ ಎಂದು ಆಸೆಯಾಗುತ್ತದೆ. ಹುಡುಗಿ ಪುಸ್ತಕ ಹಿಡಿದರೆ "ಮೊದಲು ಒಳಗೆ ಕೆಲಸ ನೋಡು" ಎನ್ನುವ ಮನೆಗಳೇ ಜಾಸ್ತಿ ಇರುವಾಗ, ಮಗಳ ಕೈಯನ್ನು ಬೇರೊಂದು ಕೆಲಸಕ್ಕೆ ಕಾದಿಟ್ಟ ತಂದೆ ದೊಡ್ಡವರೇ.

ಆದರೆ ಅಕ್ಕಂದಿರೇ, ಆ ಪಾತ್ರೆಗಳು ತಾವಾಗಿಯೇ ತೊಳೆದುಕೊಳ್ಳಲಿಲ್ಲ. ಯಾರದೋ ಕೈ ತೊಳೆದಿದೆ. ಗೆದ್ದವರ ಕಥೆ ಹೇಳುವಾಗ ಆ ಕೈಯ ವಿಚಾರ ಅರ್ಧ ವಾಕ್ಯದಲ್ಲಿ ಮುಗಿದುಹೋಗುತ್ತದೆ. ನಮ್ಮ ಲೆಕ್ಕದಲ್ಲಿ ಅದು ಪೂರ್ತಿ ಬರೆಯಲ್ಪಡಬೇಕು.

ದುಃಖದ ವರ್ಷ, ಗೆಲುವಿನ ವರ್ಷ

18 ತುಂಬಿದಾಗ, 1975ರಲ್ಲಿ, ನ್ಯಾನ್ಸಿ ಇನ್ನೂ ಹವ್ಯಾಸಿ ಆಟಗಾರ್ತಿಯಾಗಿದ್ದಾಗಲೇ, ಆ ದೇಶದ ಅತಿ ದೊಡ್ಡ ಪಂದ್ಯಾವಳಿಯಾದ ಅಮೆರಿಕನ್ ಮಹಿಳಾ ಓಪನ್‌ನಲ್ಲಿ ಎರಡನೇ ಸ್ಥಾನ ಪಡೆದರು. ಟಲ್ಸಾ ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಓದಿ, 1977ರಲ್ಲಿ ಓದು ಬಿಟ್ಟು ವೃತ್ತಿ ಆಟಕ್ಕೆ ಇಳಿದರು.

ಅದೇ 1977ರಲ್ಲಿ ತಾಯಿ ತೀರಿಕೊಂಡರು. ಅಪೆಂಡಿಕ್ಸ್ ಆಪರೇಷನ್ ಆದ ನಂತರ ಆದ ಮರಣ. ಮಗಳು ಇನ್ನೂ ಒಂದು ವೃತ್ತಿ ಪಂದ್ಯವನ್ನೂ ಗೆದ್ದಿರಲಿಲ್ಲ. ಯಾವ ದಿನಕ್ಕಾಗಿ ತಾಯಿ ಕೋಲನ್ನು ಕೆಳಗಿಟ್ಟರೋ ಆ ದಿನವನ್ನು ಅವರು ನೋಡಲೇ ಇಲ್ಲ. ಮಗಳಿಗೆ ಆಗ ಇಪ್ಪತ್ತು ವರ್ಷ.

1978ರ ಫೆಬ್ರವರಿ ತಿಂಗಳಲ್ಲಿ ಫ್ಲೋರಿಡಾದ ಸರಸೋಟಾ ಎಂಬ ಊರಿನಲ್ಲಿ ನ್ಯಾನ್ಸಿ ಮೊದಲ ಸಲ ಗೆದ್ದರು. ಆ ಗೆಲುವನ್ನು ತಾಯಿಗೆ ಅರ್ಪಿಸಿದರು. ಆಮೇಲೆ ಅವರನ್ನು ಹಿಡಿಯುವವರೇ ಇಲ್ಲ. ಆ ಒಂದೇ ವರ್ಷ ಒಂಬತ್ತು ಪಂದ್ಯಾವಳಿಗಳನ್ನು ಗೆದ್ದರು. ಅದರಲ್ಲಿ ಐದು, ಅವರು ಆಡಿದ ಸತತ ಐದು ಪಂದ್ಯಾವಳಿಗಳು! ಸತತ ಐದರ ಆ ದಾಖಲೆಯನ್ನು ಮುಂದೆ 2005ರಲ್ಲಿ ಸ್ವೀಡನ್ನಿನ ಅನಿಕಾ ಸೊರೆನ್‌ಸ್ಟಮ್, 2024ರಲ್ಲಿ ಅಮೆರಿಕದ ನೆಲ್ಲಿ ಕೊರ್ಡಾ ಸರಿಗಟ್ಟಿದರು. 1979ರಲ್ಲಿ ಮತ್ತೆ ಎಂಟು ಗೆಲುವು.

ದುಃಖ ಬಂದಾಗ ಕೆಲಸದಲ್ಲಿ ಮುಳುಗಿದರೆ ದುಃಖ ಹೋಗುತ್ತದೆ ಎಂದು ನಾನು ಹೇಳುವುದಿಲ್ಲ. ದುಃಖ ಹೋಗುವುದಿಲ್ಲ. ಆದರೆ ಕೈಯಲ್ಲಿ ಒಂದು ಕಸುಬು ಇದ್ದವರಿಗೆ ಮಾರನೆಯ ದಿನ ಬೆಳಿಗ್ಗೆ ಎದ್ದು ಹೋಗಲು ಒಂದು ಜಾಗ ಇರುತ್ತದೆ. ನಮ್ಮ ಸಂಘಗಳಲ್ಲಿ ಗಂಡನನ್ನು ಕಳೆದುಕೊಂಡವರು, ಮಗುವನ್ನು ಕಳೆದುಕೊಂಡವರು ಕೆಲವು ವಾರ ಬಿಟ್ಟು ಮತ್ತೆ ಸಭೆಗೆ ಬಂದು ಚಾಪೆಯ ಮೇಲೆ ಕುಳಿತುಕೊಳ್ಳುವುದನ್ನು ನೀವೂ ನೋಡಿದ್ದೀರಿ. ಉಳಿತಾಯದ ದುಡ್ಡಿಗಾಗಿ ಮಾತ್ರ ಅವರು ಬರುವುದಲ್ಲ ಎಂದು ನಿಮಗೇ ಗೊತ್ತು.

ಮೂರು ಮಕ್ಕಳ ತಾಯಿ ಮೈದಾನದಲ್ಲಿ

ಮನೆಯ ಕಷ್ಟ ಅಷ್ಟಕ್ಕೇ ಮುಗಿಯಲಿಲ್ಲ. 1979ರಲ್ಲಿ ಆದ ಮೊದಲ ಮದುವೆ 1982ರಲ್ಲಿ ಮುರಿಯಿತು. ಅದೇ ವರ್ಷ ಬೇಸ್‌ಬಾಲ್ ಆಟಗಾರ ರೇ ನೈಟ್ ಅವರನ್ನು ಮದುವೆಯಾದರು. ಅವರಿಗೂ ಊರೂರು ಸುತ್ತುವ ವೃತ್ತಿ. ಮೂವರು ಹೆಣ್ಣುಮಕ್ಕಳು ಹುಟ್ಟಿದರು: 1983ರಲ್ಲಿ ಆಶ್ಲಿ, 1986ರಲ್ಲಿ ಎರಿನ್, 1991ರಲ್ಲಿ ಟೋರಿ. ಹಲವು ವರ್ಷಗಳ ನಂತರ ಆ ಮದುವೆಯೂ ಮುಗಿಯಿತು. ಗೆದ್ದವರ ಮನೆಯಲ್ಲಿ ಎಲ್ಲವೂ ಸರಿ ಇರುತ್ತದೆ ಎಂದು ಭಾವಿಸಬೇಡಿ.

ಮಕ್ಕಳಾದ ಮೇಲೆ ಅವರು ಹೇಗೆ ಆಡಿದರು? ಎಲ್ಲ ವರ್ಷವೂ ಒಂದೇ ತರಹ ಓಡಲಿಲ್ಲ. ಎರಡನೇ ಮಗಳು ಹುಟ್ಟಿದ 1986ರಲ್ಲಿ ಕೆಲವೇ ಪಂದ್ಯಾವಳಿಗಳಲ್ಲಿ ಕಾಣಿಸಿಕೊಂಡರು. ಅದಕ್ಕೂ ಮೊದಲು, 1985ರಲ್ಲಿ, ಮೊದಲ ಮಗುವಿಗೆ ಎರಡು ವರ್ಷ ತುಂಬುವ ಮುಂಚೆಯೇ, ಐದು ಪಂದ್ಯಾವಳಿ ಗೆದ್ದು ಆ ವರ್ಷದ ಶ್ರೇಷ್ಠ ಆಟಗಾರ್ತಿ ಎನಿಸಿಕೊಂಡಿದ್ದರು. 1987ರಲ್ಲಿ ತಮ್ಮ 35ನೇ ಗೆಲುವಿನೊಂದಿಗೆ ಗಾಲ್ಫ್ ಆಟದ ಗೌರವ ಪಟ್ಟಿಯಲ್ಲಿ ಸ್ಥಾನ ಪಡೆಯುವ ಅರ್ಹತೆ ಗಳಿಸಿದರು. ಆ ಗೆಲುವು ಬಂದದ್ದು ಅದೇ ಸರಸೋಟಾದಲ್ಲಿ. 1978, 1985 ಮತ್ತು 1989ರಲ್ಲಿ ಎಲ್‌ಪಿಜಿಎ ಚಾಂಪಿಯನ್‌ಷಿಪ್ ಗೆದ್ದರು. ಒಟ್ಟು 48 ಗೆಲುವುಗಳು.

ಅಂದರೆ ಕೆಲವು ವರ್ಷ ನಿಧಾನ, ಕೆಲವು ವರ್ಷ ಜೋರು. ನಿಧಾನವಾದ ವರ್ಷ ಸೋತ ವರ್ಷ ಅಲ್ಲ. ಬಾಣಂತನದಲ್ಲಿ ಸಂಘಕ್ಕೆ ಬರಲಾಗದ ಸದಸ್ಯೆಯನ್ನು "ಶಿಸ್ತಿಲ್ಲ" ಎಂದು ಕೈಬಿಡುವ ಮೊದಲು ಇದನ್ನು ನೆನಪಿಡಿ. ಅವಳಿಗೆ ಸ್ವಲ್ಪ ಕಾಲ ಕೊಟ್ಟರೆ ಮುಂದೆ ಅವಳೇ ಸಂಘದ ಅಧ್ಯಕ್ಷೆ ಆಗಬಹುದು.

ಇನ್ನೊಂದು ಮಾತು. ಅಮೆರಿಕನ್ ಮಹಿಳಾ ಓಪನ್ ಮಾತ್ರ ಅವರ ಕೈಗೆ ಕೊನೆಗೂ ಸಿಗಲಿಲ್ಲ. 1975, 1977, 1989, 1997, ನಾಲ್ಕು ಸಲ ಎರಡನೇ ಸ್ಥಾನ. 1997ರಲ್ಲಿ ಅವರಿಗೆ 40 ವರ್ಷ. ನಾಲ್ಕೂ ದಿನ 70ಕ್ಕಿಂತ ಕಡಿಮೆ ಹೊಡೆತಗಳಲ್ಲಿ ಮುಗಿಸಿದರು. ಆ ಪಂದ್ಯಾವಳಿಯಲ್ಲಿ ಅದುವರೆಗೆ ಯಾರೂ ಹಾಗೆ ಆಡಿರಲಿಲ್ಲ. ಆದರೂ ಇಂಗ್ಲೆಂಡಿನ ಆಲಿಸನ್ ನಿಕೋಲಸ್ ಅವರ ಎದುರು ಒಂದೇ ಹೊಡೆತದಿಂದ ಸೋತರು. ಚೆನ್ನಾಗಿ ಮಾಡಿದ ಕೆಲಸಕ್ಕೆ ಯಾವಾಗಲೂ ಬಹುಮಾನ ಬರುತ್ತದೆ ಎಂದೇನಿಲ್ಲ. ಬಹುಮಾನ ಬಾರದಿದ್ದರೂ ಆ ಕೆಲಸ ಚೆನ್ನಾಗಿಯೇ ಇತ್ತು.

ಹದಿಮೂರು ಮಂದಿಯ ಸಂಘ

ಒಬ್ಬ ತಾಯಿ ಇಷ್ಟೆಲ್ಲ ಮಾಡಲು ಮನೆಯ ಬೆಂಬಲ ಮಾತ್ರ ಸಾಲದು. ಇಲ್ಲಿ ನಿಮಗೆ ಇಷ್ಟವಾಗುವ ಒಂದು ವಿಷಯ ಇದೆ.

ನ್ಯಾನ್ಸಿ ಆಡಿದ್ದು ಎಲ್‌ಪಿಜಿಎ ಎಂಬ ಮಹಿಳಾ ಗಾಲ್ಫ್ ಸಂಘದ ಪಂದ್ಯಗಳಲ್ಲಿ. ಈ ಸಂಘವನ್ನು 1950ರಲ್ಲಿ ಕಟ್ಟಿದವರು ಹದಿಮೂರು ಹೆಂಗಸರು. ಹೌದು, ಹದಿಮೂರೇ! ನಮ್ಮ ಒಂದು ಸ್ವಸಹಾಯ ಸಂಘದಷ್ಟು. ಆಗ ಹೆಣ್ಣುಮಕ್ಕಳ ಗಾಲ್ಫ್‌ಗೆ ದುಡ್ಡು ಹಾಕುವವರು ಕಡಿಮೆ. ಈ ಹೆಂಗಸರೇ ಕಾರು ಓಡಿಸಿಕೊಂಡು ಊರಿಂದ ಊರಿಗೆ ಹೋದರು, ಮೈದಾನ ಸಜ್ಜು ಮಾಡಿದರು, ನಿಯಮ ಬರೆದರು, ಚೆಕ್ಕಿಗೆ ಸಹಿ ಹಾಕಿದರು, ಆಮೇಲೆ ಆಟವನ್ನೂ ಆಡಿದರು. ಅವರಲ್ಲೊಬ್ಬರು ಬೇಬ್ ಜಹರಿಯಾಸ್. 1953ರಲ್ಲಿ ಅವರಿಗೆ ಕರುಳಿನ ಕ್ಯಾನ್ಸರ್ ಆಪರೇಷನ್ ಆಯಿತು. ಮರುವರ್ಷ, 1954ರಲ್ಲಿ, ಮಹಿಳಾ ಓಪನ್ ಪಂದ್ಯಾವಳಿಯನ್ನು 12 ಹೊಡೆತಗಳ ಅಂತರದಿಂದ ಗೆದ್ದರು. 1956ರಲ್ಲಿ ಕ್ಯಾನ್ಸರಿನಿಂದಲೇ ತೀರಿಕೊಂಡರು. ಆ ಹದಿಮೂರು ಮಂದಿ ಕಟ್ಟಿದ ಸಂಘ ಇಂದಿಗೂ ಇದೆ.

ಅದೇ ಸಂಘದಲ್ಲಿ 1993ರಲ್ಲಿ ಇನ್ನೊಂದು ಒಳ್ಳೆಯ ಕೆಲಸ ಆಯಿತು. ಆಟಗಾರ್ತಿಯರ ಮಕ್ಕಳಿಗಾಗಿ ಒಂದು ಶಿಶುಪಾಲನಾ ಕೇಂದ್ರ ಶುರುವಾಯಿತು. ಅದು ಒಂದೇ ಕಡೆ ಇರುವ ಕೇಂದ್ರವಲ್ಲ. ಪಂದ್ಯ ಯಾವ ಊರಿನಲ್ಲೋ ಕೇಂದ್ರವೂ ಆ ಊರಿಗೆ ಹೋಗುತ್ತದೆ. ಮಕ್ಕಳನ್ನು ನೋಡಿಕೊಳ್ಳುವವರು ಅದೇ ಪರಿಚಿತ ಮುಖಗಳು. ತಾಯಿ ನೆಮ್ಮದಿಯಿಂದ ಆಡಬಹುದು. ನ್ಯಾನ್ಸಿಯವರ ಮೊದಲ ಇಬ್ಬರು ಮಕ್ಕಳು ಚಿಕ್ಕವರಿದ್ದಾಗ ಈ ಸೌಕರ್ಯ ಇರಲಿಲ್ಲ. ಅವರು ಮಗುವನ್ನು ಜೊತೆಗೆ ಕಟ್ಟಿಕೊಂಡೇ ತಿರುಗಿದರು. ತಾಯಂದಿರು ಮೈದಾನದಲ್ಲಿ ಹೆಚ್ಚಿದಂತೆ, ಒಬ್ಬೊಬ್ಬರ ಮನೆಯ ತಾಪತ್ರಯ ಎಂದಿದ್ದದ್ದು ಇಡೀ ಸಂಘದ ಜವಾಬ್ದಾರಿಯಾಯಿತು.

ನಮ್ಮ ರಾಜ್ಯದಲ್ಲಿಯೂ 2023ರಲ್ಲಿ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ‘ಕೂಸಿನ ಮನೆ’ ಎಂಬ ಶಿಶುಪಾಲನಾ ಕೇಂದ್ರಗಳು ಆರಂಭವಾದವು. ನಿಮ್ಮ ಪಂಚಾಯಿತಿಯಲ್ಲಿ ಅದು ಇದೆಯೇ, ನಡೆಯುತ್ತಿದೆಯೇ ಎಂದು ವಿಚಾರಿಸಿ. ಇಲ್ಲದಿದ್ದರೆ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ. ಒಬ್ಬಳೇ ಕೇಳಿದರೆ "ಅವಳಿಗೆ ಮಗು ನೋಡುವುದು ಕಷ್ಟವಂತೆ" ಅಂತಾರೆ. ಹದಿಮೂರು ಮಂದಿ ಕೇಳಿದರೆ ಅರ್ಜಿ ಬರೆದುಕೊಳ್ಳುತ್ತಾರೆ.

ನಮ್ಮ ಬೆಂಗಳೂರಿನ ಅದಿತಿ

ಈ ಆಟದಲ್ಲಿ ನಮ್ಮ ರಾಜ್ಯದ ಹೆಸರನ್ನು ಜಗತ್ತಿಗೆ ತೋರಿಸಿದವರು ಬೆಂಗಳೂರಿನ ಅದಿತಿ ಅಶೋಕ್. ಅದು ಬಡತನದ ಕಥೆಯಲ್ಲ. ಆದರೆ ಮನೆಯವರು ಹೇಗೆ ಜೊತೆಗೆ ನಡೆಯಬಹುದು ಎಂಬುದಕ್ಕೆ ಉದಾಹರಣೆ. ಐದನೇ ವಯಸ್ಸಿಗೆ ಆಟ ಶುರು. ಮನೆಯಲ್ಲಿ ಅದಕ್ಕೂ ಮೊದಲು ಯಾರೂ ಗಾಲ್ಫ್ ಆಡುವವರಲ್ಲ. ಮಗಳ ಜೊತೆ ಅಪ್ಪ ಅಮ್ಮನೂ ಕಲಿತರು. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ 18 ವರ್ಷದ ಅದಿತಿಯ ಚೀಲ ಹೊತ್ತವರು ತಂದೆ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಚೀಲ ಹೊತ್ತವರು ತಾಯಿ ಮಹೇಶ್ವರಿ. ಅದಕ್ಕೆ ಸ್ವಲ್ಪ ಮುಂಚೆ ಅದಿತಿಗೆ ಕೊರೋನಾ ಬಂದು ಮೈಯಲ್ಲಿ ಶಕ್ತಿ ಕುಂದಿತ್ತು. ಆದರೂ ನಾಲ್ಕನೇ ಸ್ಥಾನ. ಪದಕ ತಪ್ಪಿದ್ದು ಒಂದೇ ಹೊಡೆತದಿಂದ. 2023ರಲ್ಲಿ ನಡೆದ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಬೆಳ್ಳಿ ಪದಕ ಬಂತು.

ಇಲ್ಲಿ ತಾಯಿ ಮಗಳಿಗಾಗಿ ಹಿಂದೆ ಸರಿಯಲಿಲ್ಲ, ಮಗಳ ಪಕ್ಕದಲ್ಲೇ ನಡೆದರು. ಇದಕ್ಕೆ ಹಣದ ಅನುಕೂಲವೂ ಕಾರಣ, ಒಪ್ಪೋಣ. ಮರೀನಾ ಅವರಿಗೆ ಆ ಅನುಕೂಲ ಇರಲಿಲ್ಲ. ಆದರೆ ಹಣ ಎಷ್ಟೇ ಇರಲಿ, ಮನೆಯಲ್ಲಿ ಕೆಲಸ ಯಾರು ಯಾರು ಮಾಡಬೇಕೆಂಬುದನ್ನು ಕೂತು ಮಾತಾಡುವುದಕ್ಕೆ ದುಡ್ಡು ಬೇಕಿಲ್ಲ.

ನಮ್ಮ ಲೆಕ್ಕ

ಈಗ ನಮ್ಮ ಮನೆಗಳಿಗೆ ಬರೋಣ. ಮಗನ ಡಿಪ್ಲೊಮಾಕ್ಕೆ ಸಂಘದಿಂದ ಸಾಲ ತೆಗೆಯುವವರು ಯಾರು? ಮಗಳ ಹಾಸ್ಟೆಲ್ ಫೀಸಿಗೆ ಕಿವಿಯ ಓಲೆ ಅಡವಿಡುವವರು ಯಾರು? ಅತ್ತೆಗೆ ಪಾರ್ಶ್ವವಾಯು ಆದರೆ ಕೂಲಿ ಬಿಟ್ಟು ಮನೆಯಲ್ಲಿ ಕೂರುವವರು ಯಾರು? ಉತ್ತರ ನೀವು ಹೇಳುವುದೇ ಬೇಡ. ತ್ಯಾಗ ತಪ್ಪು ಎಂದು ನಾನು ಹೇಳುತ್ತಿಲ್ಲ. ಮರೀನಾ ಅವರ ತ್ಯಾಗ ಇಲ್ಲದಿದ್ದರೆ ನ್ಯಾನ್ಸಿ ಇಲ್ಲ. ಆದರೆ ಸಂಘದಲ್ಲಿ ಪ್ರತಿ ವಾರ ಒಬ್ಬರೇ ದುಡ್ಡು ಕಟ್ಟಿ ಉಳಿದವರು ಸಾಲ ತೆಗೆಯುತ್ತಾ ಹೋದರೆ ಆ ಸಂಘ ಎಷ್ಟು ದಿನ ನಡೆದೀತು? ಮನೆಯೂ ಹಾಗೆಯೇ.

ಅದಕ್ಕೆ ಮೂರು ಮಾತು ಹೇಳ್ತೇನೆ, ಮನಸ್ಸಿನಲ್ಲಿಟ್ಟುಕೊಳ್ಳಿ.

ಒಂದು: ಬಿಟ್ಟುಕೊಡುವುದನ್ನು ಬಾಯಿಬಿಟ್ಟು ಹೇಳಿ. "ಮಗಳ ಓದಿಗಾಗಿ ನಾನು ಈ ವರ್ಷ ಹೊಲಿಗೆ ಮಿಷನ್ ತಗೊಳ್ಳೋದಿಲ್ಲ, ಮುಂದಿನ ವರ್ಷ ನನ್ನ ಸರದಿ" ಎಂದು ಗಂಡ ಮಕ್ಕಳ ಎದುರು ಹೇಳಿ. ಹೇಳದೆ ಬಿಟ್ಟದ್ದು ಯಾರ ಲೆಕ್ಕಕ್ಕೂ ಬರುವುದಿಲ್ಲ, ನಿಮ್ಮ ಸರದಿ ಎಂದಿಗೂ ಬರುವುದಿಲ್ಲ.

ಎರಡು: ನಿಮ್ಮ ಆರೋಗ್ಯವನ್ನು ಬಿಟ್ಟುಕೊಡುವ ಪಟ್ಟಿಯಲ್ಲಿ ಸೇರಿಸಬೇಡಿ. ಹೊಟ್ಟೆನೋವು ಬಂದರೆ ಓಮದ ಕಷಾಯ ಕುಡಿದು, ಕೊಯ್ಲು ಮುಗಿಯಲಿ, ಹಬ್ಬ ಮುಗಿಯಲಿ ಎಂದು ದಿನ ತಳ್ಳುತ್ತೀರಿ. ಹೊಕ್ಕಳಿನ ಸುತ್ತ ಶುರುವಾಗಿ ಬಲಭಾಗದ ಕೆಳಹೊಟ್ಟೆಗೆ ಇಳಿಯುವ ನೋವು, ಜೊತೆಗೆ ವಾಂತಿ, ಜ್ವರ ಇದ್ದರೆ ಅದು ಅಪೆಂಡಿಕ್ಸ್ ಇರಬಹುದು. ಅಂಥ ನೋವಿಗೆ ಕಾಯಬಾರದು, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಸಂಘದ ತುರ್ತು ಸಾಲವನ್ನು ಗಂಡನ, ಮಕ್ಕಳ ಕಾಯಿಲೆಗೆ ಧೈರ್ಯವಾಗಿ ಕೇಳುವ ನೀವು ನಿಮ್ಮ ಕಾಯಿಲೆಗೂ ಅಷ್ಟೇ ಧೈರ್ಯವಾಗಿ ಕೇಳಿ.

ಮೂರು: ನಿಮ್ಮ ಕೋಲನ್ನು ಪೂರ್ತಿ ಕೆಳಗಿಡಬೇಡಿ. ನಿಮಗೂ ಒಂದು ಇಷ್ಟದ ಕೆಲಸ ಇರುತ್ತದೆ. ಹಾಡು, ಹೂಗಿಡ, ಅರ್ಧಕ್ಕೆ ಬಿಟ್ಟ ಎಸ್ಸೆಸ್ಸೆಲ್ಸಿ, ಸಂಘದ ಕ್ರೀಡಾಕೂಟದಲ್ಲಿ ಥ್ರೋಬಾಲ್. ವಾರಕ್ಕೆ ಒಂದು ಗಂಟೆಯಾದರೂ ಅದಕ್ಕೆ ಇಡಿ. ನಿಮ್ಮ ಮಗಳು ಅದನ್ನು ನೋಡುತ್ತಿರುತ್ತಾಳೆ. ಅಮ್ಮ ಎಲ್ಲವನ್ನೂ ಬಿಟ್ಟದ್ದನ್ನೇ ನೋಡಿ ಬೆಳೆದ ಹುಡುಗಿ ಮುಂದೆ ತಾನೂ ಹಾಗೆಯೇ ಬಿಡುತ್ತಾಳೆ.

ನ್ಯಾನ್ಸಿ ಲೋಪೆಜ್ ಅವರ 48 ಗೆಲುವುಗಳು ಪುಸ್ತಕದಲ್ಲಿ ದಾಖಲಾಗಿವೆ. ಆ ಪುಟದ ಇನ್ನೊಂದು ಬದಿಯಲ್ಲಿ ಮರೀನಾ ಎಂಬ ಹೆಸರನ್ನೂ ನಾವು ಇವತ್ತು ಬರೆದೆವು. ಇನ್ನು ನಿಮ್ಮ ನಿಮ್ಮ ಮನೆಯ ಪುಟವನ್ನು ನೀವೇ ಬರೆಯಬೇಕು.



ಸಂಘದ ವಾರದ ಸಭೆಯಲ್ಲಿ ಚರ್ಚಿಸಿ

1. ಕಳೆದ ಒಂದು ವರ್ಷದಲ್ಲಿ ಮನೆಗಾಗಿ ನಾನು ಬಿಟ್ಟುಕೊಟ್ಟದ್ದು ಏನು? ಅದು ಮನೆಯವರಿಗೆ ಗೊತ್ತಿದೆಯೇ?

2. ನಮ್ಮ ಸಂಘದಲ್ಲಿ ಸದಸ್ಯೆಯರು ತಮ್ಮ ಸ್ವಂತ ಚಿಕಿತ್ಸೆಗಾಗಿ ತೆಗೆದ ಸಾಲ ಎಷ್ಟು? ಮನೆಯ ಇತರರ ಚಿಕಿತ್ಸೆಗೆ ತೆಗೆದದ್ದು ಎಷ್ಟು? ಸಾಲದ ಪುಸ್ತಕ ತೆರೆದು ನೋಡಿ.

3. ಬಾಣಂತಿ ಮತ್ತು ಕಾಯಿಲೆಯಲ್ಲಿರುವ ಸದಸ್ಯೆಯರಿಗೆ ಉಳಿತಾಯ, ಹಾಜರಿಯಲ್ಲಿ ಯಾವ ರಿಯಾಯಿತಿ ಕೊಡಬಹುದು? ನಿರ್ಣಯ ಮಾಡಿ ನಡಾವಳಿ ಪುಸ್ತಕದಲ್ಲಿ ಬರೆಯಿರಿ.

4. ಸಭೆಯ ದಿನ ಸಣ್ಣ ಮಕ್ಕಳನ್ನು ಸರದಿಯಂತೆ ಯಾರು ನೋಡಿಕೊಳ್ಳಬಹುದು?